ಮನೆ ಹಿಂದಿನ ಹೊಳೆಗೆ ಕಯಾಕ್ ಇಳಿಸ್ಬೋದಾ? ಅಮೆರಿಕದಲ್ಲಿ ಇದನ್ನ ಪತ್ತೆ ಮಾಡೋದು ಹೇಗೆ

ಎರಡು ವರ್ಷದ ಹಿಂದೆ ಗರಾಜ್ ಸೇಲ್ ಒಂದ್ರಲ್ಲಿ ಇಬ್ಬರು ಕೂರೋ ಹಳೇ ಕಯಾಕ್ (ಹುಟ್ಟು ಹಾಕೋ ಉದ್ದನೇ ಸಣ್ಣ ದೋಣಿ) ಸಿಕ್ತು, ಹಸಿರು ಬಣ್ಣದ್ದು, ಹಿಂದ್ಗಡೆ ಬಿರುಕು ಬಿಟ್ಟಿದ್ದಕ್ಕೆ ಟೇಪ್ ಸುತ್ತಿದ್ರು. ನಾನೂ ನನ್ನ ಸ್ನೇಹಿತನೂ ಅದನ್ನ ಕಾರಿನ ಮೇಲೆ ಕಟ್ಕೊಂಡು ಬಂದು, ನಾವಿರೋ ಮಿಶಿಗನ್ ಊರಿನ ಪಕ್ಕದ ಸಣ್ಣ ಹೊಳೆಗೆ ಸೇತುವೆ ಹತ್ರ ಇಳಿಸಿದ್ವಿ. ಅರ್ಧ ಮೈಲಿ ಹೋಗಿರ್ಲಿಲ್ಲ, ದಡದ ಮೇಲೆ ಒಬ್ಬರು ಸೊಂಟಕ್ಕೆ ಕೈ ಇಟ್ಕೊಂಡು ನಿಂತು, ಇದು ಪ್ರೈವೇಟ್ ಹೊಳೆ, ವಾಪಸ್ ಹೋಗಿ, ಇಲ್ಲಾಂದ್ರೆ ಶೆರಿಫ್‌ಗೆ (ಇಲ್ಲಿನ ಕೌಂಟಿ, ಅಂದ್ರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಫೋನ್ ಮಾಡ್ತೀನಿ ಅಂದ್ರು. ಹೊಳೆ ಪ್ರೈವೇಟಾ? ಹೊನ್ನಾವರದಲ್ಲಿ ಶರಾವತಿ ದಡದಲ್ಲಿ ಬೆಳೆದ ನನಗೆ ಆ ಮಾತೇ ಅರ್ಥ ಆಗ್ಲಿಲ್ಲ. ತೋಟ ಪ್ರೈವೇಟ್ ಇರತ್ತೆ, ಬಾವಿ ಇರತ್ತೆ, ಹೊಳೆಗೆ ಯಾರು ಬೇಲಿ ಹಾಕ್ತಾರೆ? ಆದ್ರೂ ವೀಸಾದಲ್ಲಿ ಇರೋರಿಗೆ ಶೆರಿಫ್ ಅನ್ನೋ ಪದ ಕಿವಿಗೆ ಬಿದ್ರೆ ಸಾಕು ಹೊಟ್ಟೆ ತೊಳಸತ್ತೆ, ಮಾತಾಡ್ದೆ ತಿರುಗಿಸ್ಕೊಂಡು ಬಂದ್ವಿ.

ಆಮೇಲೆ ಆ ಇಡೀ ಬೇಸಿಗೆ ಇದನ್ನೇ ಓದಿದೆ. ನಾನು ವಕೀಲ ಅಲ್ಲ, ಟೆಸ್ಟಿಂಗ್ ಕೆಲಸ ಮಾಡೋನು, ಕೋರ್ಟ್ ಕಟ್ಟೆ ಹತ್ತೋ ಪ್ರಸಂಗ ಬಂದ್ರೆ ವಕೀಲರನ್ನೇ ಕೇಳಿ. ಆದ್ರೆ ಕಯಾಕ್ ಕೊಂಡ್ಕೊಂಡು ಎಲ್ಲಿ ಇಳಿಸ್ಬೇಕು ಗೊತ್ತಾಗ್ದೆ ಕೂತಿರೋ ನಮ್ಮೋರು ತುಂಬಾ ಜನ ಇದ್ದಾರೆ, ಅವರಿಗೆ ಇದು ಸಾಕಾಗತ್ತೆ.

ಮೊದಲು ಪದ. ಹೊಳೆ ಜನರದ್ದಾ ಪ್ರೈವೇಟಾ ಅನ್ನೋ ಜಗಳ ಹೆಚ್ಚಾಗಿ ನ್ಯಾವಿಗಬಲ್ ಅನ್ನೋ ಒಂದೇ ಪದದ ಮೇಲೆ ನಿಂತಿರತ್ತೆ. ನ್ಯಾವಿಗಬಲ್ ಅಂದ್ರೆ ದೋಣಿ ಹೋಗೋ ನೀರು, ಅಷ್ಟೇ ತಾನೇ ಅನ್ಸತ್ತೆ. ಕಾನೂನಲ್ಲಿ ಅಷ್ಟು ಸಲೀಸಿಲ್ಲ. ಇಷ್ಟು ಅಡಿ ಆಳ ಇದ್ರೆ ನ್ಯಾವಿಗಬಲ್ ಅನ್ನೋ ಅಳತೆ ಫೆಡರಲ್ (ಕೇಂದ್ರದ) ಕಾನೂನಲ್ಲಿ ಇಲ್ವೇ ಇಲ್ಲ, ಹಂಗಾಗಿ ಹೊಳೆ ಮಧ್ಯ ನಿಂತು ಗಣೆ ಇಳಿಸಿ ನೋಡಿದ್ರೆ ಉತ್ತರ ಸಿಗಲ್ಲ. ಕೋರ್ಟ್ ಕೇಳೋ ಪ್ರಶ್ನೆ ಏನಪ್ಪಾ ಅಂದ್ರೆ, ಈ ನೀರಿನ ಮೇಲೆ ಯಾರಾದ್ರೂ ಯಾವತ್ತಾದ್ರೂ ಸರಕು ಸಾಗಿಸಿದ್ರಾ, ಇಲ್ಲಾ ಸಾಗಿಸೋಕೆ ಆಗ್ತಿತ್ತಾ? ಅದಕ್ಕೇ ಈ ಕೆಲಸದ ಮುಕ್ಕಾಲು ಭಾಗ ನಡೆಯೋದು ಲೈಬ್ರರಿಯಲ್ಲಿ.

ಇನ್ನೊಂದು ಗೊಂದಲ, ಇದನ್ನ ಈಗ್ಲೇ ಬಿಡಿಸ್ಕೊಳ್ಳಿ. ಒಂದೇ ಪದನ ಕಮ್ಮಿ ಅಂದ್ರೂ ಮೂರು ಬೇರೆ ಬೇರೆ ಜಗಳಕ್ಕೆ ಬಳಸ್ತಾರೆ. ಹೊಳೆಯ ತಳ, ಅಂದ್ರೆ ನೀರಿನ ಕೆಳಗಿನ ನೆಲ ಯಾರದ್ದು ಅನ್ನೋದು ಒಂದು ಜಗಳ. ಅಣೆಕಟ್ಟು, ಡಾಕು, ಸ್ಟೀಮರ್ ಲೈಸೆನ್ಸು ಇವಕ್ಕೆಲ್ಲ ಫೆಡರಲ್ ಸರ್ಕಾರದ ಕೈ ಎಲ್ಲಿವರೆಗೆ ಚಾಚತ್ತೆ ಅನ್ನೋದು ಇನ್ನೊಂದು. ನಮ್ಮ ನಿಮ್ಮಂಥೋರು ಹುಟ್ಟು ಹಾಕ್ಕೊಂಡು ಹೋಗ್ಬೋದಾ ಅನ್ನೋದು ಮೂರನೇದು, ಇದನ್ನ ಹೆಚ್ಚಾಗಿ ಆಯಾ ರಾಜ್ಯದ ಕಾನೂನು ತೀರ್ಮಾನ ಮಾಡತ್ತೆ. ಒಂದ್ರಲ್ಲಿ ಹೌದು ಅಂದಿದ್ದು ಇನ್ನೊಂದ್ರಲ್ಲಿ ಇಲ್ಲ ಆಗ್ಬೋದು. ಯಾರಾದ್ರೂ ಇದು ನ್ಯಾವಿಗಬಲ್ ಅಂತ ಧೈರ್ಯವಾಗಿ ಹೇಳಿದ್ರೆ ಯಾವ ಕೆಲಸಕ್ಕೆ ಅಂತ ತಿರುಗಿ ಕೇಳಿ, ಅರ್ಧ ಜನಕ್ಕೆ ಅಲ್ಲೇ ಉತ್ತರ ನಿಲ್ಲತ್ತೆ.

ಎಲ್ಲಾ ಶುರುವಾಗಿದ್ದು ನಮ್ಮ ಮಿಶಿಗನ್‌ನಲ್ಲೇ, ಗ್ರ್ಯಾಂಡ್ ನದಿಯಲ್ಲಿ. ಡೇನಿಯಲ್ ಬಾಲ್ ಅಂತ ಒಂದು ಸ್ಟೀಮರ್, ಗ್ರ್ಯಾಂಡ್ ರಾಪಿಡ್ಸ್‌ನಿಂದ ಗ್ರ್ಯಾಂಡ್ ಹೇವನ್‌ಗೆ ಜನ, ಸರಕು ಸಾಗಿಸ್ತಿತ್ತು. ಫೆಡರಲ್ ಲೈಸೆನ್ಸ್ ತಗೊಂಡಿಲ್ಲ ಅಂತ ಸರ್ಕಾರ 500 ಡಾಲರ್ ದಂಡಕ್ಕೆ ಕೇಸ್ ಹಾಕ್ತು. ಮಾಲೀಕರ ವಾದ ಕೇಳಿ, ಈ ದೋಣಿ ಎರಡೇ ಅಡಿ ನೀರಲ್ಲಿ ಓಡೋದು, ದೊಡ್ಡ ಲೇಕಿಗೆ ಇಳಿಯೋದೇ ಇಲ್ಲ, ರಾಜ್ಯ ಬಿಟ್ಟು ಒಂದು ಹೆಜ್ಜೆ ಆಚೆ ಹೋಗಲ್ಲ, ನಿಮಗ್ಯಾಕೆ? ಸುಪ್ರೀಂ ಕೋರ್ಟ್ 1871ರಲ್ಲಿ ಒಪ್ಲಿಲ್ಲ. ಅವತ್ತು ಜಸ್ಟಿಸ್ ಫೀಲ್ಡ್ ಬರೆದಿದ್ದರ ಸಾರಾಂಶ ಇಷ್ಟು: ವಾಸ್ತವದಲ್ಲಿ ಓಡಾಡೋಕೆ ಆಗೋ ನದಿನೇ ಕಾನೂನಲ್ಲೂ ನ್ಯಾವಿಗಬಲ್ ನದಿ, ಓಡಾಡೋಕೆ ಆಗತ್ತೆ ಅಂದ್ರೆ ನದಿ ತನ್ನ ಮಾಮೂಲಿ ಸ್ಥಿತಿಯಲ್ಲಿ ಇರೋವಾಗ, ಆ ಕಾಲದ ಮಾಮೂಲಿ ದೋಣಿಗಳಲ್ಲಿ, ವ್ಯಾಪಾರದ ದಾರಿಯಾಗಿ ಬಳಸಿರ್ಬೇಕು ಅಥವಾ ಬಳಸೋ ಹಾಗಿರ್ಬೇಕು. ಅದಕ್ಕೂ ಹಿಂದೆ ಇಂಗ್ಲೆಂಡಿಂದ ಬಂದ ಹಳೇ ರೂಢಿ ಇತ್ತು, ಸಮುದ್ರದ ಉಬ್ಬರ ಇಳಿತ ಎಲ್ಲಿವರೆಗೆ ಬರತ್ತೋ ಅಲ್ಲಿವರೆಗೆ ಮಾತ್ರ ಅಂತ. ಗ್ರೇಟ್ ಲೇಕ್ಸ್‌ನಲ್ಲಿ ಉಬ್ಬರ ಎಲ್ಲಿಂದ ಬರ್ಬೇಕು ಹೇಳಿ.

ಆ ವಾಕ್ಯದಲ್ಲಿ ಒಂದೊಂದು ಪದನೂ ಆಮೇಲೆ ಒಂದೊಂದು ಕೇಸ್ ಆಯ್ತು. ಮಾಮೂಲಿ ಸ್ಥಿತಿ ಅಂದ್ರೆ ಪ್ರವಾಹ ಬಂದಾಗ ಮೂರು ದಿನ ದೋಣಿ ಹೋಯ್ತು ಅನ್ನೋದು ಲೆಕ್ಕಕ್ಕಿಲ್ಲ, ಹಾಗೇ ಬರಗಾಲದಲ್ಲಿ ಒಣಗಿತ್ತು ಅಂತ ಹೇಳಿ ತಪ್ಪಿಸ್ಕೊಳ್ಳೋಕೂ ಆಗಲ್ಲ. ನಡುವೆ ಬಂಡೆ, ರಭಸ ಇದ್ರೆ? 1874ರಲ್ಲಿ ವಿಸ್ಕಾನ್ಸಿನ್‌ನ ಫಾಕ್ಸ್ ನದಿ ಕೇಸಲ್ಲಿ ಕೋರ್ಟ್ ಹೇಳ್ತು, ಕಷ್ಟ ಎಷ್ಟು ಅನ್ನೋದು ಮುಖ್ಯ ಅಲ್ಲ, ಉಗಿಯಲ್ಲಿ ಹೋದ್ರೋ, ಹಾಯಿ ಕಟ್ಟಿದ್ರೋ, ದನ ಕುದುರೆ ಕಟ್ಟಿ ಎಳೆಸಿದ್ರೋ ಅದೂ ಮುಖ್ಯ ಅಲ್ಲ, ಸರಕು ಹೋಯ್ತು ತಾನೇ. ಅಲ್ಲಿ 1673ರಲ್ಲೇ ಮಾರ್ಕೆಟ್ ಮತ್ತು ಜೋಲಿಯೆ ಅನ್ನೋ ಇಬ್ಬರು ಫ್ರೆಂಚ್ ಅನ್ವೇಷಕರು ಪುಟ್ಟ ದೋಣಿಗಳಲ್ಲಿ ಹೋಗಿದ್ರು, ಆಮೇಲೆ ತುಪ್ಪಳದ ವ್ಯಾಪಾರ ನಡೀತಿತ್ತು, ಅದೇ ಪುರಾವೆ ಆಯ್ತು. ನನಗೆ ತುಂಬಾ ಇಷ್ಟ ಆಗಿದ್ದು ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಕೇಸ್, 1971ರದ್ದು. ಉಪ್ಪುನೀರಿನ ಕೆರೆ, ಅಲ್ಲಿಂದ ಬೇರೆ ಎಲ್ಲಿಗೂ ಹೋಗೋ ಹಾಗಿಲ್ಲ, ಆದ್ರೆ ಸುತ್ತಲಿನ ರ‍್ಯಾಂಚ್‌ನವರು ತಮ್ಮ ದನ, ಕುರಿಗಳನ್ನ ದೋಣಿಗೆ ಹತ್ತಿಸಿ ಮಧ್ಯದ ದ್ವೀಪಗಳಿಗೆ ಮೇಯೋಕೆ ಬಿಡ್ತಿದ್ರು. ತಮ್ಮ ಕುರಿ ತಮ್ಮ ದೋಣಿ, ಬಾಡಿಗೆ ಸಾಗಾಟ ಕೂಡ ಅಲ್ಲ. ಅಷ್ಟೇ ಸಾಕಾಯ್ತು, ಕೆರೆಯ ತಳ ರಾಜ್ಯದ್ದು ಅಂತ ತೀರ್ಪಾಯ್ತು. ಕುರಿಗಳು ಕೇಸ್ ಗೆಲ್ಲಿಸಿದ್ವು ಅಂತ ನಮ್ಮನೆಯವಳಿಗೆ ಹೇಳಿದ್ರೆ ನಂಬ್ಲಿಲ್ಲ.

ಇಡೀ ನದಿಗೆ ಒಂದೇ ಉತ್ತರ ಇರತ್ತೆ ಅಂದ್ಕೊಂಡ್ರೆ ಅದೂ ತಪ್ಪು. ಮೊಂಟಾನಾದಲ್ಲಿ ಜಲವಿದ್ಯುತ್ ಕಂಪನಿ ವಿರುದ್ಧ ರಾಜ್ಯ ಸರ್ಕಾರ, ಮಿಸೌರಿ ನದಿ ತಳ ನಮ್ಮದು ಬಾಡಿಗೆ ಕೊಡಿ ಅಂತ ಹೋಗಿತ್ತು, ಸುಪ್ರೀಂ ಕೋರ್ಟ್ 2012ರಲ್ಲಿ ನದಿನ ತುಂಡು ತುಂಡಾಗಿ ನೋಡ್ಬೇಕು ಅಂತು. ಗ್ರೇಟ್ ಫಾಲ್ಸ್ ಹತ್ರ ಸಾಲು ಸಾಲು ಜಲಪಾತ ಇವೆ, 1805ರಲ್ಲಿ ಪಶ್ಚಿಮಕ್ಕೆ ದಾರಿ ಹುಡುಕ್ತಾ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದೋರು ಅಲ್ಲಿ ದೋಣಿ ಸಾಮಾನು ಎಲ್ಲಾ ನೆಲದ ಮೇಲೆ ಸುಮಾರು 18 ಮೈಲಿ ಎಳ್ಕೊಂಡು ಹೋಗಿದ್ರು, ಹಂಗಾಗಿ ಕೆಳಗೆ ಮೇಲೆ ಎಲ್ಲಾ ಸರಿ ಇದ್ರೂ ಆ ತುಂಡು ನ್ಯಾವಿಗಬಲ್ ಅಲ್ಲ. ಇದನ್ನ ಓದ್ತಾ ನನಗೆ ನಮ್ಮೂರೇ ಕಣ್ಮುಂದೆ ಬಂತು. ಶರಾವತಿಯಲ್ಲಿ ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆವರೆಗೆ ದೋಣಿ ಸಲೀಸಾಗಿ ಹೋಗತ್ತೆ, ಚೆನ್ನಭೈರಾದೇವಿ ಕಾಲದ ಕಾಳುಮೆಣಸು ಇಳಿದಿದ್ದೇ ಆ ದಾರಿಯಲ್ಲಿ. ಅಲ್ಲಿಂದ ಮೇಲಕ್ಕೆ ಹೋಗಿ ನೋಡಿ, ಜೋಗದಲ್ಲಿ 830 ಅಡಿ ಮೇಲಿಂದ ನೀರು ಬೀಳ್ತಿದೆ, ಯಾವ ದೋಣಿ ಹತ್ತತ್ತೆ? ಒಂದೇ ನದಿ, ಒಂದೇ ಹೆಸರು, ಎರಡು ಉತ್ತರ. ಹಾಂ, ಅದೇ ತೀರ್ಪಲ್ಲಿ ಇನ್ನೊಂದು ಮಾತಿದೆ, ಇವತ್ತು ನೀವು ಪ್ಲಾಸ್ಟಿಕ್ ಕಯಾಕಲ್ಲಿ ತೇಲಿದ್ರಿ ಅಂದ ಮಾತ್ರಕ್ಕೆ ತಳದ ಮಾಲೀಕತ್ವ ರಾಜ್ಯಕ್ಕೆ ಬರಲ್ಲ, ಆ ರಾಜ್ಯ ಒಕ್ಕೂಟಕ್ಕೆ ಸೇರಿದ ದಿನ ಇದ್ದಂಥ ದೋಣಿಗೆ ನಿಮ್ಮದು ಹೋಲ್ಬೇಕು.

ಸರಿ, ಇಷ್ಟು ತಲೆಯಲ್ಲಿ ಇಟ್ಕೊಂಡು ಕೆಲಸಕ್ಕೆ ಇಳಿಯೋಣ.

ಮೊದಲು ನಿಮ್ಮ ರಾಜ್ಯದ ನಿಯಮ ಏನು ಅಂತ ತಿಳ್ಕೊಳ್ಳಿ, ಯಾಕಂದ್ರೆ ಇಲ್ಲಿ ರಾಜ್ಯದಿಂದ ರಾಜ್ಯಕ್ಕೆ ಅಜಗಜಾಂತರ. ಟೆಕ್ಸಸ್‌ನಲ್ಲಿ ಇರೋರು ಅದೃಷ್ಟವಂತರು, ಅಲ್ಲಿ ಟೇಪ್ ಹಿಡಿದು ಅಳೆಯೋ ನಿಯಮನೇ ಇದೆ, ಹೊಳೆಯ ಬಾಯಿಂದ, ಅಂದ್ರೆ ಅದು ಕೊನೆಗೆ ಹೋಗಿ ಸೇರೋ ಜಾಗದಿಂದ, ಮೇಲಕ್ಕೆ ಸರಾಸರಿ 30 ಅಡಿ ಅಗಲ ಇದ್ರೆ ಆ ಹೊಳೆ ಕಾನೂನಿನ ಪ್ರಕಾರ ನ್ಯಾವಿಗಬಲ್. ಮೊಂಟಾನಾದಲ್ಲಿ 1984ರ ತೀರ್ಪುಗಳು, 1985ರ ಕಾಯ್ದೆ ಸೇರಿ, ತಳ ಯಾರದ್ದೇ ಆಗಿರ್ಲಿ, ಮೋಜಿಗೆ ಬಳಸೋ ಹಾಗಿರೋ ನೀರಲ್ಲಿ ಮಾಮೂಲಿ ಹೆಚ್ಚಿನ ನೀರಿನ ಗುರುತಿನವರೆಗೆ, ಅಂದ್ರೆ ನೀರು ಮಾಮೂಲಾಗಿ ಏರಿದಾಗ ದಡದಲ್ಲಿ ಬೀಳೋ ಗೆರೆವರೆಗೆ, ಜನ ಓಡಾಡ್ಬೋದು. ನ್ಯೂಯಾರ್ಕಲ್ಲಿ ಮೂಸ್ ನದಿಯ ದಕ್ಷಿಣ ಶಾಖೆ ಬಗ್ಗೆ ನಡೆದ ಕೇಸಲ್ಲಿ 1998ರಲ್ಲಿ, ಮೋಜಿನ ಕನೂ (ಮೇಲೆ ತೆರೆದಿರೋ ಉದ್ದನೇ ದೋಣಿ) ಓಡಾಟನೂ ಪುರಾವೆಗೆ ಬರತ್ತೆ ಅಂದ್ರು. ಕೊಲೊರಾಡೊ ಮಾತ್ರ ಉಲ್ಟಾ, ರಾಫ್ಟ್‌ನಲ್ಲಿ ತೇಲ್ತಾ ಖಾಸಗಿ ಜಮೀನಿನ ನಡುವೆ ಹೋದ ಮೂರು ಜನಕ್ಕೆ ಅತಿಕ್ರಮ ಪ್ರವೇಶ ಅಂತ ಶಿಕ್ಷೆ ಆಗಿ, 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡೀತು. ಹಂಗಾಗಿ ಡೆನ್ವರ್‌ನಲ್ಲಿ ಇರೋ ಕಸಿನ್ ಹೇಳಿದ್ದನ್ನ ಡೆಟ್ರಾಯಿಟಲ್ಲಿ ಪಾಲಿಸ್ಬೇಡಿ, ಡಲ್ಲಾಸಲ್ಲಿ ಇರೋ ಭಾವ ಹೇಳಿದ್ದನ್ನೂ.

ಮಿಶಿಗನ್‌ನಲ್ಲಿ ನಿಯಮ ಏನು ಗೊತ್ತಾ? ಮರದ ನಾಟ. 1853ರಲ್ಲಿ ಮೂರ್ ವರ್ಸಸ್ ಸ್ಯಾನ್‌ಬಾರ್ನ್ ಅಂತ ಒಂದು ಕೇಸಲ್ಲಿ, ನಾಟ ತೇಲಿಸೋಕೆ ಆಗೋ ಹೊಳೆ ಸಾರ್ವಜನಿಕ ದಾರಿ, ವರ್ಷಪೂರ್ತಿ ಆಗ್ಬೇಕಂತೇನೂ ಇಲ್ಲ, ಹಿಮ ಕರಗಿ ನೀರು ಏರೋ ಸೀಸನ್ನಲ್ಲಿ ಆದ್ರೂ ಸಾಕು ಅಂದ್ರು. ಆಗಿನ ಮಿಶಿಗನ್ ಅಂದ್ರೆ ಬಿಳಿ ಪೈನ್ ಕಾಡು. ಚಳಿಗಾಲದಲ್ಲಿ ಕಡಿದು ಹೊಳೆ ದಡದಲ್ಲಿ ಪೇರಿಸಿ, ಹಿಮ ಕರಗಿದ ಮೇಲೆ ನೀರಿಗೆ ಉರುಳಿಸಿ, ಮಸ್ಕೀಗನ್ ಕಡೆಯ ಸಾ ಮಿಲ್ಲುಗಳವರೆಗೆ ತೇಲಿಸ್ಕೊಂಡು ಹೋಗ್ತಿದ್ರು. ಎಲ್ಲರ ನಾಟನೂ ಒಂದೇ ಹೊಳೆಯಲ್ಲಿ ಬೆರೆತು ಹೋಗೋದ್ರಿಂದ ಒಬ್ಬೊಬ್ಬ ಮಾಲೀಕರದ್ದು ಒಂದೊಂದು ಗುರುತು, ನಮ್ಮ ಕಡೆ ದನಕ್ಕೆ ಬರೆ ಹಾಕ್ತಾರಲ್ಲ ಹಂಗೆ. ಇಲ್ಲಿನ ಒಂದು ಸಣ್ಣ ಮ್ಯೂಸಿಯಮ್ಮಲ್ಲಿ ಅಂಥ ತುಂಡೊಂದು ನೋಡಿದೆ, ತಟ್ಟೆಯಷ್ಟು ಅಗಲ, ವರ್ಷದ ಉಂಗುರಗಳ ಮೇಲೇ ನಕ್ಷತ್ರ, ಅದರ ಪಕ್ಕ ಒಂದಕ್ಷರ, ಸುತ್ತಿಗೆಯಲ್ಲಿ ಹೊಡೆದಿದ್ದು ಬೆರಳಿಟ್ರೆ ಈಗ್ಲೂ ಗುಂಡಿ ಸಿಗತ್ತೆ. ಈ ಗುರುತುಗಳನ್ನ ಕೌಂಟಿ ಕಚೇರಿಯಲ್ಲಿ ನೋಂದಣಿ ಮಾಡಿಸ್ತಿದ್ರು, ಹಂಗಾಗಿ ಅದೂ ದಾಖಲೆ. 1982ರಲ್ಲಿ ಕೆಲವರು, ಈ ನಾಟದ ಪರೀಕ್ಷೆ ಹಳೇದಾಯ್ತು, ಮೋಜಿನ ದೋಣಿ ಹೋದ್ರೆ ಸಾಕು ಅಂತ ಮಾಡಿ ಅಂತ ಕೇಳ್ಕೊಂಡ್ರು, ಮಿಶಿಗನ್ ಸುಪ್ರೀಂ ಕೋರ್ಟ್ ಒಪ್ಲಿಲ್ಲ. ಅಂದ್ರೆ ಇವತ್ತು ನನ್ನ ಕಯಾಕ್ ಹೋಗ್ಬೋದಾ ಅನ್ನೋದನ್ನ 150 ವರ್ಷದ ಹಿಂದೆ ತೇಲಿದ ಮರ ತೀರ್ಮಾನ ಮಾಡತ್ತೆ. ನನ್ನ ಪ್ರಕಾರ ಇದು ಸ್ವಲ್ಪ ಹಾಸ್ಯಾಸ್ಪದನೇ, ಆದ್ರೆ ನಿಯಮ ಅದೇ.

ಎರಡನೇದು ಆರ್ಮಿ ಕಾರ್ಪ್ಸ್ ಆಫ್ ಇಂಜಿನಿಯರ್ಸ್, ನದಿಯಲ್ಲಿ ಏನಾದ್ರೂ ಕಟ್ಟೋಕೆ ಪರ್ಮಿಟ್ ಕೊಡೋ ಸೇನೆಯ ಇಂಜಿನಿಯರ್ ವಿಭಾಗ. 1899ರ ರಿವರ್ಸ್ ಅಂಡ್ ಹಾರ್ಬರ್ಸ್ ಕಾಯ್ದೆ ಪ್ರಕಾರ ಇವರ ಜಿಲ್ಲಾ ಕಚೇರಿಗಳು ತಮ್ಮ ವ್ಯಾಪ್ತಿಯ ನ್ಯಾವಿಗಬಲ್ ನೀರಿನ ಪಟ್ಟಿ ಇಟ್ಕೊಂಡಿರ್ತವೆ, ಸೆಕ್ಷನ್ 10 ವಾಟರ್ಸ್ ಅಂತ ಹುಡುಕಿದ್ರೆ ಸಿಗತ್ತೆ. ನಿಮ್ಮ ಹೊಳೆ ಅದರಲ್ಲಿದ್ರೆ ಒಳ್ಳೇ ಬಲ ಸಿಕ್ತು. ಇಲ್ದೇ ಹೋದ್ರೆ ಕೈ ಚೆಲ್ಬೇಡಿ, ಅದು ಅವರ ಪರ್ಮಿಟ್ ಕೆಲಸದ ಪಟ್ಟಿ, ರಾಜ್ಯದ ನಿಯಮದಲ್ಲಿ ನಿಮ್ಮ ಹಕ್ಕು ಇದ್ರೂ ಇರ್ಬೋದು.

ಆಮೇಲೆ ಹಳೇ ಸರ್ವೆ. ಇದು ನನಗೆ ಸಿಕ್ಕಾಪಟ್ಟೆ ಖುಷಿ ಕೊಟ್ಟ ಭಾಗ, ಆಫೀಸ್ ಕೆಲಸ ಬಿಟ್ಟು ರಾತ್ರಿ ಒಂದರವರೆಗೆ ಕೂತಿದ್ದೀನಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್‌ನವರ ಜನರಲ್ ಲ್ಯಾಂಡ್ ಆಫೀಸ್ ರೆಕಾರ್ಡ್ಸ್ ವೆಬ್‌ಸೈಟಲ್ಲಿ 19ನೇ ಶತಮಾನದ ಸರ್ವೆ ನಕ್ಷೆಗಳು ಪುಕ್ಕಟೆ ಸಿಗ್ತವೆ. ನಿಮ್ಮ ಟೌನ್‌ಶಿಪ್ ನಂಬರ್ (ಸರ್ವೆಯಲ್ಲಿ ನೆಲನ ಚೌಕ ಚೌಕ ಮಾಡಿ ಕೊಟ್ಟ ನಂಬರ್) ಗೊತ್ತಿದ್ರೆ ಸಾಕು, ಮನೆ ತೆರಿಗೆ ಕಾಗದದಲ್ಲೇ ಇರತ್ತೆ. ಸರ್ವೇಯರ್‌ಗಳು ಸರಪಳಿ ಹಿಡಿದು ನೇರ ಗೆರೆಯಲ್ಲಿ ನಡೀತಾ, ಗೆರೆಗೆ ಹೊಳೆ ಅಡ್ಡ ಬಂದಾಗೆಲ್ಲ ಅದರ ಅಗಲನ ಲಿಂಕ್ಸ್ ಲೆಕ್ಕದಲ್ಲಿ ಬರ್ಕೊಳ್ತಿದ್ರು, ಒಂದು ಸರಪಳಿ 66 ಅಡಿ, ಅದರಲ್ಲಿ 100 ಲಿಂಕ್. ಹೊಳೆ 35 ಲಿಂಕ್ ಅಂತಿದ್ರೆ 23 ಅಡಿ ಅಂತ ತಿಳ್ಕೊಳ್ಳಿ. ದೊಡ್ಡ ನದಿ ಆದ್ರೆ ಎರಡೂ ದಡದ ಗುಂಟ ಅಂಕುಡೊಂಕಾಗಿ ಅಳೀತಿದ್ರು, ಇದಕ್ಕೆ ಮೀಯಾಂಡರ್ ಲೈನ್ ಅಂತಾರೆ, ನ್ಯಾವಿಗಬಲ್ ಅನ್ಸಿದ ನದಿಗಳಿಗೆ, ಆಮೇಲಿನ ನಿಯಮಗಳಲ್ಲಿ 3 ಸರಪಳಿಗಿಂತ ಅಂದ್ರೆ 198 ಅಡಿಗಿಂತ ಅಗಲ ಇರೋವಕ್ಕೂ ಇದನ್ನ ಮಾಡ್ತಿದ್ರು. ಸರ್ವೇಯರ್ ಹೇಳಿದ ಮಾತೇ ಕೊನೇ ಮಾತಲ್ಲ, ಅವರಿಗೆ ಆ ಅಧಿಕಾರ ಇರ್ಲಿಲ್ಲ, ಆದ್ರೆ ಕೋರ್ಟಲ್ಲಿ ಅದನ್ನ ಪುರಾವೆಯಾಗಿ ನೋಡ್ತಾರೆ.

ಅದಾದ್ಮೇಲೆ ಕೌಂಟಿ ಲೈಬ್ರರಿ. ಲೋಕಲ್ ಹಿಸ್ಟರಿ ಕೋಣೆ ಅಂತ ಇರತ್ತೆ, ಅಲ್ಲಿ ಕೂರೋ ವಯಸ್ಸಾದೋರಿಗೆ ಇಂಥ ಪ್ರಶ್ನೆ ಕೇಳೋರು ಸಿಕ್ಕೋದೇ ಅಪರೂಪ, ನೀವು ಕೇಳಿದ್ರೆ ಚಹಾ ಕೊಡೋದೊಂದು ಬಾಕಿ. ಸಾ ಮಿಲ್, ಡ್ಯಾಮ್, ಲಾಗ್ ಡ್ರೈವ್ (ನಾಟ ತೇಲಿಸೋದು), ಬೂಮ್ ಕಂಪನಿ (ತೇಲಿ ಬಂದ ನಾಟ ತಡೆದು ವಿಂಗಡಿಸೋರು), ಫೆರ‍್ರಿ ಈ ಪದಗಳನ್ನ ಹಿಡಿದು ಹಳೇ ಪೇಪರ್ ಹುಡುಕಿ. ಜೊತೆಗೆ ನಿಮ್ಮ ಹೊಳೆ ಹೆಸರು ಹಾಕಿ ರಾಜ್ಯದ ಕೋರ್ಟ್ ತೀರ್ಪುಗಳನ್ನೂ ಒಂದ್ಸಲ ಹುಡುಕಿ, ಯಾರೋ ಆಗ್ಲೇ ಜಗಳ ಆಡಿ ಮುಗಿಸಿರ್ಬೋದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಗೆ ಫೋನ್ ಮಾಡೋದು ಕೊನೇಗೆ ಇಟ್ಕೊಳ್ಳಿ, ಬರೀ ಕೈಲಿ ಹೋದ್ರೆ ಅವರೂ ಜಾರಿಕೆ ಉತ್ತರ ಕೊಡ್ತಾರೆ, ದಾಖಲೆ ಇಟ್ಕೊಂಡು ಕೇಳಿದ್ರೆ ಧಾಟಿನೇ ಬೇರೆ.

ನ್ಯಾವಿಗಬಲ್ ಅಂತ ಗೊತ್ತಾಯ್ತು ಅಂದ್ಕೊಳ್ಳಿ, ಆಗ ಸಿಗೋ ಹಕ್ಕು ನೀರಿಗಷ್ಟೇ. ಮಿಶಿಗನ್‌ನಲ್ಲಿ ಒಳನಾಡಿನ ಹೊಳೆ ನ್ಯಾವಿಗಬಲ್ ಆದ್ರೂ ತಳ ಮಾತ್ರ ದಡದ ಜಮೀನಿನೋರದ್ದೇ, ಹೊಳೆಯ ಮಧ್ಯದವರೆಗೆ. ಆದ್ರೂ 1926ರಲ್ಲಿ ಪೈನ್ ನದಿಯಲ್ಲಿ ಟ್ರೌಟ್ ಮೀನು ಹಿಡೀತಾ ನೀರಲ್ಲಿ ನಡೆದೋರ ಕೇಸಲ್ಲಿ, ತೇಲೋದು, ಮೀನು ಹಿಡಿಯೋದು, ನೀರಲ್ಲಿ ನಡೆಯೋದು ಜನರ ಹಕ್ಕು ಅಂದ್ರು, ನೀರಿಗೆ ಇಳಿಯೋಕೆ ಇನ್ನೊಬ್ಬರ ಜಮೀನು ದಾಟ್ಬಾರ್ದು ಅಷ್ಟೇ. ಅದಕ್ಕೇ ಸಾರ್ವಜನಿಕ ಲಾಂಚ್ ಅಥವಾ ಪಾರ್ಕ್ ಹುಡ್ಕೊಂಡು ಅಲ್ಲೇ ಇಳಿಸಿ, ಸೇತುವೆ ಪಕ್ಕ ಅಂದ್ರೆ ಆ ಜಾಗ ರಸ್ತೆಯದ್ದೇನಾ ಅಂತ ಮೊದಲು ನೋಡಿ. ದಡದ ಹುಲ್ಲಿನ ಮೇಲೆ ಚಾಪೆ ಹಾಸಿ ಚಿತ್ರಾನ್ನ ಬಿಚ್ಚಿದ್ರೆ ಅದು ಅತಿಕ್ರಮಣನೇ. ಇನ್ನು ಯಾರೋ ತಮ್ಮ ಜಾಗದಲ್ಲಿ ತೋಡಿಸ್ಕೊಂಡ ಕಾಲುವೆ, ಮರೀನಾ ಇವಕ್ಕೆ ನದಿ ಸೇರ್ಕೊಂಡಿದೆ ಅಂತ ನುಗ್ಬೇಡಿ, ಹವಾಯಿಯ ಕುಆಪಾ ಕೊಳದ ಕೇಸಲ್ಲಿ 1979ರಲ್ಲೇ ಸುಪ್ರೀಂ ಕೋರ್ಟ್, ಅಗೆದು ಸಮುದ್ರಕ್ಕೆ ಸೇರಿಸಿದ ಮಾತ್ರಕ್ಕೆ ಪರಿಹಾರ ಕೊಡ್ದೆ ಅದನ್ನ ಜನರಿಗೆ ತೆರೆಯೋ ಹಾಗಿಲ್ಲ ಅಂತ ಹೇಳಿಯಾಗಿದೆ.

ಪದ ಒಂದೇ ಆದ್ರೂ ಕೆಲಸ ಬೇರೆ ಅಂತ ಆಗ ಹೇಳಿದ್ನಲ್ಲ, ಅದಕ್ಕೆ ಲಾಸ್ ಏಂಜಲಿಸ್ ನದಿಗಿಂತ ಒಳ್ಳೇ ಉದಾಹರಣೆ ಸಿಗಲ್ಲ. ಸಿನಿಮಾದಲ್ಲಿ ಕಾರ್ ಚೇಸ್ ಮಾಡ್ತಾರಲ್ಲ, ಆ ಕಾಂಕ್ರೀಟ್ ಚರಂಡಿ ಥರದ್ದೇ. 2008ರಲ್ಲಿ ಕಾರ್ಪ್ಸ್‌ನವರು ಇದರ ಸಣ್ಣ ಭಾಗ ಮಾತ್ರ ನ್ಯಾವಿಗಬಲ್ ಅಂದ್ರು, ಹಂಗಾದ್ರೆ ಉಳಿದಿದ್ದಕ್ಕೂ ಅದಕ್ಕೆ ಸೇರೋ ತೊರೆಗಳಿಗೂ ಕ್ಲೀನ್ ವಾಟರ್ ಕಾಯ್ದೆಯ ರಕ್ಷಣೆ ಹೋಗೋ ಭಯ. ಅದೇ ವರ್ಷ ಜುಲೈನಲ್ಲಿ ಜಾರ್ಜ್ ವುಲ್ಫ್ ಅನ್ನೋರ ತಂಡ ಕಯಾಕ್, ಕನೂ ಹಾಕ್ಕೊಂಡು ಮೂರು ದಿನ ಇಡೀ ನದಿ ಇಳಿದು ತೋರಿಸ್ತು. ಕಾರ್ಪ್ಸ್‌ನಲ್ಲೇ ಕೆಲಸ ಮಾಡ್ತಿದ್ದ ಜೀವವಿಜ್ಞಾನಿ ಹೆದರ್ ವೈಲಿ ಕೂಡ ಹೋಗಿದ್ರು, ಆಮೇಲೆ ಆಫೀಸಲ್ಲಿ ಶಿಸ್ತುಕ್ರಮದ ಬಿಸಿನೂ ತಟ್ತು. 2010ರ ಜುಲೈನಲ್ಲಿ ಪರಿಸರ ಸಂರಕ್ಷಣಾ ಏಜೆನ್ಸಿ 51 ಮೈಲಿ ಪೂರ್ತಿ ನ್ಯಾವಿಗಬಲ್ ಅಂತ ಘೋಷಿಸ್ತು. ಅಲ್ಲಿಗೆ ಮುಗೀತು, ಇನ್ನು ಯಾರು ಬೇಕಾದ್ರೂ ದೋಣಿ ಬಿಡ್ಬೋದು ಅಂದ್ಕೊಂಡ್ರಾ? ಇಲ್ಲ ಸ್ವಾಮಿ, ಅದು ನೀರು ಕೊಳಕು ಮಾಡ್ಬಾರ್ದು ಅನ್ನೋ ಕಾನೂನಿಗೆ ಮಾತ್ರ. ಮಾಮೂಲಿ ಜನಕ್ಕೆ ಅಂತ ಕಯಾಕ್ ಶುರುವಾಗಿದ್ದು 2011ರಲ್ಲಿ, ಅದೂ ಒಂದು ತುಂಡಲ್ಲಿ, ಬೇಸಿಗೆ ತಿಂಗಳುಗಳಲ್ಲಿ.

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪಂಗೆ ಹೇಳ್ತಿದ್ದೆ. ನಮ್ಮಲ್ಲಿ ಹೆಂಗೆ ಅಂತ ಕೇಳಿದ್ರು, ನೋಡಿದ್ರೆ ನಮ್ಮ ಪದ್ಧತಿ ಪೂರ್ತಿ ಬೇರೆ. ಭಾರತದಲ್ಲಿ ಸಂಸತ್ತು ಪಟ್ಟಿ ಮಾಡತ್ತೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ 111 ಜಲಮಾರ್ಗ ಇವೆ, ನಮ್ಮ ಶರಾವತಿ 90ನೇದು, ಕಾಳಿ 52, ನೇತ್ರಾವತಿ 74, ಅವುಗಳ ಮೇಲಿನ ಯಂತ್ರದ ದೋಣಿ ಸಂಚಾರ ಕೇಂದ್ರದ ಪಟ್ಟಿಗೆ ಬರತ್ತೆ, ಉಳಿದ ಒಳನಾಡಿನ ನೀರಿನ ಸಾರಿಗೆ, ತಾರಿ ಇವೆಲ್ಲ ಮುಖ್ಯವಾಗಿ ರಾಜ್ಯದ ಕೈಲಿ, ಯಂತ್ರದ ದೋಣಿ ಅಂದ್ರೆ ಎರಡೂ ಕಡೆಯೋರಿಗೆ ಅಧಿಕಾರ. ಮೋಟಾರ್ ದೋಣಿ ಇಟ್ಕೊಂಡೋರು 1917ರ ಹಳೇ ಕಾಯ್ದೆ ಬದಲಿಗೆ ಬಂದಿರೋ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ನೋಂದಣಿ, ಸರ್ವೆ ಮಾಡಿಸ್ಬೇಕು. ಪಟ್ಟಿಯಲ್ಲಿ ಮಲಪ್ರಭಾನೂ ಇದೆ, 67ನೇದು, ಏಪ್ರಿಲ್ ತಿಂಗಳಲ್ಲಿ ಆ ನದಿ ನೋಡಿದೋರು ಯಾರಾದ್ರೂ ಇದ್ರೆ ನಗ್ಬೇಡಿ. ಅಪ್ಪ ಎಲ್ಲಾ ಕೇಳಿ, ಸೇತುವೆ ಆಗೋ ಮುಂಚೆ ತಾರಿಯೋನು ಯಾವ ಪಟ್ಟಿ ನೋಡಿ ದಾಟಿಸ್ತಿದ್ದ ಅಂತ ಕೇಳಿದ್ರು, ನನ್ನತ್ರ ಉತ್ತರ ಇರ್ಲಿಲ್ಲ.

ಇನ್ನು ನಮ್ಮ ಹೊಳೆ ಕಥೆ. ಲೈಬ್ರರಿಯಲ್ಲಿ ಹಳೇ ಕೌಂಟಿ ಇತಿಹಾಸದ ಪುಸ್ತಕವೊಂದ್ರಲ್ಲಿ, ಸೇತುವೆಯಿಂದ ಎರಡು ಮೈಲಿ ಮೇಲೆ ಒಂದು ಸಾ ಮಿಲ್ ಇತ್ತು, ಅದಕ್ಕೂ ಮೇಲಿಂದ ವಸಂತದಲ್ಲಿ ನಾಟ ತೇಲಿಸಿ ತರ್ತಿದ್ರು ಅಂತ ಎರಡೂವರೆ ಸಾಲು ಸಿಕ್ತು. ಆ ಪುಟದ ಜೆರಾಕ್ಸ್, ಸರ್ವೆ ನಕ್ಷೆಯ ಪ್ರಿಂಟು, ಇವೆರಡನ್ನೂ ದೋಸೆ ಹಿಟ್ಟು ಹಾಕೋ ಜಿಪ್‌ಲಾಕ್ ಕವರಲ್ಲಿ ಹಾಕಿ ಸೀಟಿನ ಕೆಳಗೆ ಟೇಪ್ ಮಾಡಿದ್ದೀನಿ, ಪಕ್ಕದಲ್ಲಿ ಎರಡು ಲೈಫ್ ಜಾಕೆಟ್, ಅದಿಲ್ದೆ ಎಲ್ಲಿಗೂ ಹೊರಡ್ಬೇಡಿ, ಅದೂ ಕಾನೂನೇ. ಈ ವರ್ಷ ನಾಲ್ಕು ಸಲ ಹೋಗಿದ್ದೀವಿ. ಆ ಯಜಮಾನರು ಎರಡು ಸಲ ದಡದಲ್ಲಿ ಕಂಡ್ರು, ಒಂದ್ಸಲ ಹುಲ್ಲು ಕತ್ತರಿಸ್ತಿದ್ರು, ತಲೆ ಎತ್ತಿ ನೋಡಿ ಮತ್ತೆ ಮಿಷನ್ ಶುರು ಮಾಡಿದ್ರು. ಕವರ್ ಬಿಚ್ಚೋ ಸಂದರ್ಭ ಇನ್ನೂ ಬಂದಿಲ್ಲ.